ಗಣಕಯಂತ್ರದ ಬಿಡಿಭಾಗಗಳ ಕಾರ್ಯಕ್ಷಮತೆ ಮತ್ತು ವಿಶ್ವಾಸಾರ್ಹತೆ: ಸಾರ್ವಜನಿಕರಿಗೆ ಮಾಹಿತಿ

ಪೀಠಿಕೆ

ಜಾತಿ ಮತ್ತು ಆದಾಯ ಪ್ರಮಾಣಪತ್ರ, ವಿದ್ಯಾರ್ಥಿವೇತನ, ಪಿಂಚಣಿ ಮುಂತಾದ ಸೇವೆಗಳಿಗೆ ಅಂತರಜಾಲದ ಮೂಲಕ ಅರ್ಜಿ ಸಲ್ಲಿಸಲು ಅವಕಾಶವಿರುವುದರಿಂದ, ಮನೆಯ ಗಣಕಯಂತ್ರವು ಅನೇಕ ಕುಟುಂಬಗಳಿಗೆ ಕಾಗದಪತ್ರಗಳ ಪೆಟ್ಟಿಗೆಯೂ ಆಗಿದೆ. ಅರ್ಜಿಯ ಕೊನೆಯ ದಿನದಂದು ಯಂತ್ರವು ಕೆಟ್ಟು ನಿಂತಲ್ಲಿ, ಸ್ಕ್ಯಾನ್ ಮಾಡಿಟ್ಟ ಅಂಕಪಟ್ಟಿ, ಕ್ರಯಪತ್ರ ಹಾಗೂ ಸ್ವೀಕೃತಿ ಪತ್ರಗಳು ಕೈಗೆ ಸಿಗದೆ ಹೋಗಬಹುದು. ಈ ನಷ್ಟವು ಯಂತ್ರದ ಬೆಲೆಗಿಂತ ದೊಡ್ಡದು.

ಗಣಕಯಂತ್ರವನ್ನು ಎರಡು ದೃಷ್ಟಿಯಿಂದ ಪರಿಶೀಲಿಸಬೇಕಾಗುತ್ತದೆ. ಕೆಲಸವನ್ನು ಎಷ್ಟು ವೇಗವಾಗಿ ಮಾಡುತ್ತದೆ ಎಂಬುದು ಕಾರ್ಯಕ್ಷಮತೆ. ಅದೇ ಕೆಲಸವನ್ನು ತಪ್ಪಿಲ್ಲದೆ ಎಷ್ಟು ಕಾಲ ಮಾಡುತ್ತದೆ ಎಂಬುದು ವಿಶ್ವಾಸಾರ್ಹತೆ. ಜಾಹೀರಾತುಗಳು ಸಾಮಾನ್ಯವಾಗಿ ಮೊದಲನೆಯದನ್ನು ಮಾತ್ರ ತಿಳಿಸುತ್ತವೆ. ಎರಡನೆಯದನ್ನು ಖರೀದಿದಾರರೇ ಪರೀಕ್ಷಿಸಿಕೊಳ್ಳುವುದು ಅವಶ್ಯಕ.

1. ಕಾರ್ಯಕ್ಷಮತೆ

ಪ್ರೊಸೆಸರ್‌ನ ಗಿಗಾಹರ್ಟ್ಸ್ ಸಂಖ್ಯೆಯೊಂದರಿಂದಲೇ ಬೇರೆ ಬೇರೆ ತಲೆಮಾರಿನ ಯಂತ್ರಗಳನ್ನು ಹೋಲಿಸಲಾಗದು. ಅರ್ಜಿ ತುಂಬುವುದು, ಪತ್ರ ಬರೆಯುವುದು ಮುಂತಾದ ನಿತ್ಯದ ಕೆಲಸಗಳಲ್ಲಿ ಹೆಚ್ಚಿನ ವ್ಯತ್ಯಾಸವನ್ನುಂಟುಮಾಡುವುದು ಮಾಹಿತಿ ಸಂಗ್ರಹಿಸುವ ಡಿಸ್ಕ್. ನಿಮಿಷಕ್ಕೆ 7,200 ಸುತ್ತು ತಿರುಗುವ ಹಾರ್ಡ್ ಡಿಸ್ಕ್‌ಗೆ ಒಂದು ಸುತ್ತಿಗೆ ಸುಮಾರು 8.3 ಮಿಲಿಸೆಕೆಂಡ್ ಬೇಕು. ಆದ್ದರಿಂದ ಅದು ಅಲ್ಲಲ್ಲಿ ಚದುರಿದ ಕಡತಗಳನ್ನು ಸೆಕೆಂಡಿಗೆ ನೂರರ ಆಸುಪಾಸು ಬಾರಿ ಮಾತ್ರ ಓದಬಲ್ಲದು. ತಿರುಗುವ ಭಾಗಗಳಿಲ್ಲದ ಎಸ್.ಎಸ್.ಡಿ. ಇದೇ ಕೆಲಸವನ್ನು ಸಾವಿರಾರು ಬಾರಿ ಮಾಡುತ್ತದೆ. ಹಳೆಯ ಯಂತ್ರವು ನಿಧಾನವಾಗಿದ್ದಲ್ಲಿ, ಹೊಸ ಯಂತ್ರ ಕೊಳ್ಳುವ ಮೊದಲು ಡಿಸ್ಕ್ ಬದಲಾಯಿಸುವ ಬಗ್ಗೆ ಯೋಚಿಸುವುದು ಲಾಭಕರ.

2. ತಯಾರಕರು ನೀಡುವ ಬಾಳಿಕೆಯ ಅಂಕಿ

ಕೆಲವು ಹಾರ್ಡ್ ಡಿಸ್ಕ್‌ಗಳ ವಿವರಪಟ್ಟಿಯಲ್ಲಿ ವೈಫಲ್ಯದವರೆಗಿನ ಸರಾಸರಿ ಅವಧಿ 10 ಲಕ್ಷ ಗಂಟೆ ಎಂದು ನಮೂದಾಗಿರುತ್ತದೆ. ಇದು 114 ವರ್ಷಗಳಿಗೆ ಸಮ. ಆದರೆ ಒಂದು ಡಿಸ್ಕ್ ಅಷ್ಟು ವರ್ಷ ಬಾಳುತ್ತದೆ ಎಂದು ಇದರ ಅರ್ಥವಲ್ಲ. ನಿರಂತರವಾಗಿ ನಡೆಯುವ ಬಹುಸಂಖ್ಯೆಯ ಡಿಸ್ಕ್‌ಗಳಲ್ಲಿ ವರ್ಷಕ್ಕೆ ಶೇ. 1ಕ್ಕಿಂತ ಕಡಿಮೆ ಕೆಡುತ್ತವೆ ಎಂಬ ಅಂದಾಜು ಮಾತ್ರ. ಅಮೆರಿಕದ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ಸಂಶೋಧಕರು ಸುಮಾರು 1 ಲಕ್ಷ ಡಿಸ್ಕ್‌ಗಳ ದಾಖಲೆಗಳನ್ನು ಪರಿಶೀಲಿಸಿ 2007ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ವಾಸ್ತವವಾಗಿ ಬದಲಾಯಿಸಲಾದ ಡಿಸ್ಕ್‌ಗಳ ಪ್ರಮಾಣ ವರ್ಷಕ್ಕೆ ಶೇ. 2ರಿಂದ 4ರಷ್ಟಿರುವುದು ಸಾಮಾನ್ಯವೆಂದು ಕಂಡುಬಂದಿತು.

3. ಡಿಸ್ಕ್‌ನ ಆರೋಗ್ಯ ಪರಿಶೀಲನೆ

ಡಿಸ್ಕ್‌ಗಳು ತಮ್ಮ ಸ್ಥಿತಿಯನ್ನು ತಾವೇ ದಾಖಲಿಸಿಕೊಳ್ಳುವ ವ್ಯವಸ್ಥೆಗೆ ಸ್ಮಾರ್ಟ್ ಎಂದು ಹೆಸರು. ಕ್ರಿಸ್ಟಲ್‌ಡಿಸ್ಕ್‌ಇನ್ಫೋದಂತಹ ಉಚಿತ ತಂತ್ರಾಂಶದಿಂದ ಈ ದಾಖಲೆಯನ್ನು ಓದಬಹುದು. ಕೆಳಕಂಡ ಅಂಶಗಳನ್ನು ಗಮನಿಸತಕ್ಕದ್ದು:

ಅ) ಡಿಸ್ಕ್ ಚಾಲನೆಯಲ್ಲಿದ್ದ ಒಟ್ಟು ಗಂಟೆಗಳು. ಹೊಸದೆಂದು ಮಾರಿದ ಡಿಸ್ಕ್‌ನಲ್ಲಿ ಇದು ಸಾವಿರಾರು ಗಂಟೆ ಇದ್ದಲ್ಲಿ, ಅದು ಬಳಸಿದ ಡಿಸ್ಕ್. ಒಂದು ವರ್ಷಕ್ಕೆ 8,760 ಗಂಟೆಗಳು.

ಆ) ಕೆಟ್ಟುಹೋಗಿ ಬದಲಿ ಸ್ಥಳಕ್ಕೆ ಸ್ಥಳಾಂತರಿಸಲಾದ ಸೆಕ್ಟರ್‌ಗಳು ಹಾಗೂ ಓದಲಾಗದೆ ಬಾಕಿ ಉಳಿದ ಸೆಕ್ಟರ್‌ಗಳು. ಹೊಸ ಹಾರ್ಡ್ ಡಿಸ್ಕ್‌ನಲ್ಲಿ ಇವೆರಡೂ ಸೊನ್ನೆ ಇರಬೇಕು.

ಈ ಪರಿಶೀಲನೆಗೂ ಮಿತಿಯಿದೆ. 1 ಲಕ್ಷಕ್ಕೂ ಹೆಚ್ಚು ಡಿಸ್ಕ್‌ಗಳ ಬಗ್ಗೆ ಗೂಗಲ್ ಸಂಸ್ಥೆಯ ತಂತ್ರಜ್ಞರು 2007ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಮೇಲ್ಮೈ ಪರಿಶೀಲನೆಯಲ್ಲಿ ಮೊದಲ ದೋಷ ಕಂಡುಬಂದ ಡಿಸ್ಕ್, ದೋಷವಿಲ್ಲದ ಡಿಸ್ಕ್‌ಗಿಂತ, ಮುಂದಿನ 60 ದಿನಗಳಲ್ಲಿ ಕೆಡುವ ಸಂಭವ 39 ಪಟ್ಟು ಹೆಚ್ಚು. ಆದರೆ ಕೆಟ್ಟ ಡಿಸ್ಕ್‌ಗಳ ಪೈಕಿ ಶೇ. 56ಕ್ಕೂ ಹೆಚ್ಚಿನವು ನಾಲ್ಕು ಮುಖ್ಯ ಸೂಚನೆಗಳಲ್ಲಿ ಒಂದನ್ನೂ ತೋರಿಸಿರಲಿಲ್ಲ. ಅಂದರೆ, ಎಚ್ಚರಿಕೆ ಕಂಡುಬಂದಲ್ಲಿ ಡಿಸ್ಕ್ ಅನ್ನು ಕೂಡಲೇ ಬದಲಾಯಿಸಬೇಕು. ಎಚ್ಚರಿಕೆ ಇಲ್ಲವೆಂದು ನಿಶ್ಚಿಂತರಾಗಿ ಇರಲಾಗದು.

4. ಮೆಮೊರಿ

ರ‍್ಯಾಮ್ ದೋಷವು ಸುಲಭವಾಗಿ ಗೋಚರಿಸುವುದಿಲ್ಲ. ಕಾರಣವಿಲ್ಲದೆ ಯಂತ್ರವು ನಿಲ್ಲುವುದು, ಸರಿಯಾಗಿ ಉಳಿಸಿದ ಕಡತವು ಮತ್ತೆ ತೆರೆಯದಿರುವುದು ಇದರ ಲಕ್ಷಣಗಳಾಗಿರಬಹುದು. ಮೆಮ್‌ಟೆಸ್ಟ್86 ಅಥವಾ ವಿಂಡೋಸ್‌ನಲ್ಲಿಯೇ ಇರುವ ಮೆಮೊರಿ ಡಯಾಗ್ನೊಸ್ಟಿಕ್ ಪರೀಕ್ಷೆಯನ್ನು ಒಂದು ರಾತ್ರಿ ಪೂರ್ತಿ ನಡೆಸಬಹುದು. ಹೊಸ ಯಂತ್ರದಲ್ಲಿ ಒಂದೇ ಒಂದು ದೋಷ ವರದಿಯಾದರೂ ಬದಲಿ ರ‍್ಯಾಮ್ ಕೇಳುವುದು ಸೂಕ್ತ.

5. ವಿದ್ಯುತ್ ಪೂರೈಕೆ

ಎಸ್.ಎಂ.ಪಿ.ಎಸ್. ಎಂದು ಕರೆಯಲಾಗುವ ವಿದ್ಯುತ್ ಪೆಟ್ಟಿಗೆಯು ಕಳಪೆಯಾಗಿದ್ದಲ್ಲಿ, ಉತ್ತಮ ಬಿಡಿಭಾಗಗಳೂ ಕೆಡುತ್ತವೆ. ಯಂತ್ರಕ್ಕೆ ಹೆಚ್ಚಿನ ಕೆಲಸ ಕೊಟ್ಟಾಗಲೂ 12 ವೋಲ್ಟ್ ಮಾರ್ಗದಲ್ಲಿ ವೋಲ್ಟೇಜ್ 11.4ರಿಂದ 12.6ರೊಳಗೆ ಇರಬೇಕು. ಇದನ್ನು ತಂತ್ರಜ್ಞರು ಮಲ್ಟಿಮೀಟರ್‌ನಿಂದ ಅಳೆಯಬಲ್ಲರು. ಮದರ್‌ಬೋರ್ಡ್‌ನ ಕೆಪಾಸಿಟರ್‌ಗಳ ತಲೆ ಉಬ್ಬಿದ್ದರೆ ಅಂತಹ ಹಳೆಯ ಯಂತ್ರವನ್ನು ಕೊಳ್ಳಬಾರದು. ಯು.ಪಿ.ಎಸ್. ಆರಿಸುವಾಗ ವಿ.ಎ. ಸಂಖ್ಯೆಯ ಜೊತೆಗೆ ವ್ಯಾಟ್ ಸಂಖ್ಯೆಯನ್ನೂ ನೋಡತಕ್ಕದ್ದು. ಎರಡನೆಯದು ಸಾಮಾನ್ಯವಾಗಿ ಕಡಿಮೆ ಇರುತ್ತದೆ. ಅರ್ಥಿಂಗ್ ಇರುವ ಮೂರು ಪಿನ್‌ನ ಸಾಕೆಟ್ ಕಡ್ಡಾಯವಾಗಿ ಬಳಸಬೇಕು.

6. ಖರೀದಿಯ ಸಮಯದಲ್ಲಿ ಮತ್ತು ನಂತರ

ಅ) ಬಿಡಿಭಾಗಗಳ ಕ್ರಮಸಂಖ್ಯೆ ನಮೂದಿಸಿದ ಜಿ.ಎಸ್.ಟಿ. ಬಿಲ್ ಪಡೆಯಿರಿ.

ಆ) ಲ್ಯಾಪ್‌ಟಾಪ್ ಹಾಗೂ ಅಡಾಪ್ಟರ್ ಮೇಲೆ ಭಾರತೀಯ ಮಾನಕ ಬ್ಯೂರೋದ ಚಿಹ್ನೆ ಮತ್ತು ಆರ್ ಅಕ್ಷರದಿಂದ ಆರಂಭವಾಗುವ ನೋಂದಣಿ ಸಂಖ್ಯೆ ಇದೆಯೇ ನೋಡಿ. ಬಿಐಎಸ್ ಕೇರ್ ಆ್ಯಪ್‌ನಲ್ಲಿ ಇದನ್ನು ಪರಿಶೀಲಿಸಬಹುದು. ಈ ನೋಂದಣಿ ವಿದ್ಯುತ್ ಸುರಕ್ಷತೆಗೆ ಸಂಬಂಧಿಸಿದ್ದು. ವೇಗ ಅಥವಾ ಬಾಳಿಕೆಗೆ ಪ್ರಮಾಣವಲ್ಲ.

ಇ) ಮೇಲಿನ ಪರೀಕ್ಷೆಗಳನ್ನು ಹಿಂತಿರುಗಿಸುವ ಅವಧಿಯೊಳಗೇ ಮುಗಿಸಿ, ಫಲಿತಾಂಶದ ಚಿತ್ರವನ್ನು ಉಳಿಸಿಕೊಳ್ಳಿ.

ಈ) ಬಳಸಿದ ಯಂತ್ರವಾದಲ್ಲಿ ಅದು ವಿಂಡೋಸ್ 11ಕ್ಕೆ ಅರ್ಹವೇ ಎಂದು ಕೇಳಿ. ವಿಂಡೋಸ್ 10ಕ್ಕೆ ಸಾಮಾನ್ಯ ಬೆಂಬಲವು 2025ರ ಅಕ್ಟೋಬರ್ 14ರಂದು ಕೊನೆಗೊಂಡಿದೆ.

ಉ) ಮಾರಾಟಗಾರರು ದೋಷ ಸರಿಪಡಿಸದಿದ್ದಲ್ಲಿ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ನ್ನು ಸಂಪರ್ಕಿಸಬಹುದು. ಗ್ರಾಹಕ ಸಂರಕ್ಷಣಾ ಅಧಿನಿಯಮ, 2019ರ ಅಡಿಯಲ್ಲಿ ಜಿಲ್ಲಾ ಆಯೋಗಕ್ಕೆ ಎರಡು ವರ್ಷಗಳೊಳಗೆ ದೂರು ಸಲ್ಲಿಸಬಹುದು. ಪಾವತಿಸಿದ ಬೆಲೆ 5 ಲಕ್ಷ ರೂಪಾಯಿ ಮೀರದಿದ್ದಲ್ಲಿ ದೂರಿಗೆ ಶುಲ್ಕವಿಲ್ಲ.

ವಿಶೇಷ ಸೂಚನೆ

ವಾರಂಟಿಯಿಂದ ಹೊಸ ಡಿಸ್ಕ್ ದೊರೆಯುತ್ತದೆ. ಅದರಲ್ಲಿದ್ದ ದಾಖಲೆಗಳು ದೊರೆಯುವುದಿಲ್ಲ. ಯಾವ ಪರೀಕ್ಷೆಯೂ ಒಂದು ನಿರ್ದಿಷ್ಟ ಡಿಸ್ಕ್ ಕೆಡುವ ದಿನವನ್ನು ಹೇಳಲಾರದು. ಆದ್ದರಿಂದ ಮುಖ್ಯ ದಾಖಲೆಗಳ ಒಂದು ಪ್ರತಿಯನ್ನು ಬೇರೊಂದು ಡಿಸ್ಕ್‌ನಲ್ಲಿಯೂ, ಮತ್ತೊಂದನ್ನು ಮನೆಯ ಹೊರಗೆ ಅಥವಾ ಡಿಜಿಲಾಕರ್‌ನಲ್ಲಿಯೂ ಇರಿಸಿಕೊಳ್ಳುವುದು, ಹಾಗೂ ಅರ್ಜಿಯನ್ನು ಕೊನೆಯ ದಿನಾಂಕದವರೆಗೆ ಕಾಯದೆ ಮುಂಚಿತವಾಗಿ ಸಲ್ಲಿಸುವುದು ಸಾರ್ವಜನಿಕರ ಹಿತದೃಷ್ಟಿಯಿಂದ ಉತ್ತಮ.