ರಟ್ಟಿನ ತೋಳಿಗೆ ನೀರಿನ ಬಲ

ತಿರುಮಕೂಡಲು ನರಸೀಪುರಕ್ಕೆ ಸಮೀಪದ ಸೋಸಲೆಯ ಕಡೆ, ಗದ್ದೆಯ ಅಂಚಿನಲ್ಲಿ ಜೆಸಿಬಿ ಯಂತ್ರವು ಮಣ್ಣೆತ್ತುತ್ತಿದ್ದರೆ ಹುಡುಗರು ಸುತ್ತ ನೆರೆಯುತ್ತಾರೆ. ಅದರ ತೋಳಿಗೆ ಹಗ್ಗವಿಲ್ಲ, ಸರಪಣಿಯಿಲ್ಲ. ನುಣುಪಾದ ಉಕ್ಕಿನ ದಂಡವೊಂದು ಕೊಳವೆಯಿಂದ ಹೊರಬರುತ್ತದೆ, ಒಳಸರಿಯುತ್ತದೆ, ಅಷ್ಟೆ. ಬಲವು ಎಲ್ಲಿಂದ ಬಂದಿತು? ಎರಡು ಪಿಚಕಾರಿಗಳಿದ್ದರೆ ಇದನ್ನು ಮನೆಯಲ್ಲಿಯೇ ಪರೀಕ್ಷಿಸಬಹುದು.

ಔಷಧದ ಅಂಗಡಿಯಿಂದ ಸೂಜಿಯಿಲ್ಲದ ಹೊಸ ಸಿರಿಂಜುಗಳನ್ನೂ ಅವುಗಳ ಮೂತಿಗೆ ಬಿಗಿಯಾಗಿ ಕೂರುವ ಪ್ಲಾಸ್ಟಿಕ್ ನಳಿಕೆಯನ್ನೂ ತರಬೇಕು. (ಬಳಸಿ ಎಸೆದ ಸಿರಿಂಜನ್ನು ಯಾವ ಕಾರಣಕ್ಕೂ ಮುಟ್ಟಕೂಡದು.) ನೀರು ತುಂಬಿ ಜೋಡಿಸಿ ಒಂದರ ಪಿಸ್ಟನ್ನನ್ನು ಒತ್ತಿದರೆ ಇನ್ನೊಂದರದು ಹೊರಕ್ಕೆ ಸರಿಯುತ್ತದೆ. ಮುಚ್ಚಿದ ದ್ರವದ ಮೇಲೆ ಹೇರಿದ ಒತ್ತಡವು ಎಲ್ಲ ದಿಕ್ಕಿಗೂ ಕುಂದದೆ ಹರಡುತ್ತದೆ. ಇದು ಪ್ಯಾಸ್ಕಲನ ನಿಯಮ. ಅವನ ಪ್ರಬಂಧವು ಅವನು ಗತಿಸಿದ ಮರುವರ್ಷ, 1663ರಲ್ಲಿ ಅಚ್ಚಾಯಿತು. ಇದನ್ನೇ ಆಧಾರವಾಗಿಟ್ಟುಕೊಂಡು ಜೋಸೆಫ್ ಬ್ರಾಮಾ 1795ರಲ್ಲಿ ಒತ್ತುಯಂತ್ರಕ್ಕೆ ಪೇಟೆಂಟ್ ಪಡೆದನು. ಜೆಸಿಬಿಯಲ್ಲಿ ನೀರಿನ ಬದಲು ಎಣ್ಣೆಯುಂಟು. ಎಣ್ಣೆಯಿಂದ ತುಕ್ಕು ಹಿಡಿಯದು, ಜಾರಿಕೆಯೂ ದೊರೆಯುತ್ತದೆ. ಅಲ್ಲಿನ ಒತ್ತಡ ವಾಯುಮಂಡಲದ್ದಕ್ಕಿಂತ ಇನ್ನೂರು ಪಟ್ಟಿಗೂ ಮಿಗಿಲು.

ಕೈಯಲ್ಲಿರುವ ಸಿರಿಂಜಿನ ಒಳವ್ಯಾಸ 10 ಮಿ.ಮೀ., ತೋಳಿಗೆ ಕಟ್ಟಿದ್ದರದು 20 ಮಿ.ಮೀ. ಎಂದಿಟ್ಟುಕೊಳ್ಳೋಣ. ವಿಸ್ತೀರ್ಣ ನಾಲ್ಕು ಪಟ್ಟಾದುದರಿಂದ ಬಲವೂ ನಾಲ್ಕು ಪಟ್ಟು. ಆದರೆ ಇದು ಪುಕ್ಕಟೆಯಲ್ಲ; ನಾವು 4 ಸೆಂ.ಮೀ. ಒತ್ತಿದರೆ ಅತ್ತ ಕದಲುವುದು 1 ಸೆಂ.ಮೀ. ಮಾತ್ರ. ಈಗ 30 ಸೆಂ.ಮೀ. ಉದ್ದದ ರಟ್ಟಿನ ತೋಳಿನ ತುದಿಗೆ 50 ಗ್ರಾಂ ತೂಗುಹಾಕಿ, ಕೀಲಿನಿಂದ 5 ಸೆಂ.ಮೀ. ದೂರದಲ್ಲಿ ಪಿಸ್ಟನ್ ಲಂಬವಾಗಿ ತಳ್ಳುವಂತೆ ಮಾಡಿ. ಅಲ್ಲಿ ಬೇಕಾದುದು 300 ಗ್ರಾಂ ತೂಕದಷ್ಟು ಬಲ. ಕೈಗೆ ತಗಲುವುದು 75. ಪಿಸ್ಟನ್ 1 ಸೆಂ.ಮೀ. ಸರಿದರೆ ತುದಿ ಸುಮಾರು 6 ಸೆಂ.ಮೀ. ಏರುತ್ತದೆ. 75ನ್ನು 4ರಿಂದಲೂ 50ನ್ನು 6ರಿಂದಲೂ ಗುಣಿಸಿ ನೋಡಿ: ಎರಡೂ 300. ತೋಳಿನ ಸ್ವಂತ ಭಾರವನ್ನೂ ಘರ್ಷಣೆಯನ್ನೂ ಇಲ್ಲಿ ಲೆಕ್ಕಕ್ಕೆ ಹಿಡಿದಿಲ್ಲ.

ಇಂತಹ ಮೂರು ನಾಲ್ಕು ಜೋಡಿಗಳು ಸೇರಿದರೆ ತಿರುಗುವ, ಬಾಗುವ, ಹಿಡಿಯುವ ಯಂತ್ರದ ಕೈ ಸಿದ್ಧ. 1961ರಲ್ಲಿ ಅಮೆರಿಕದ ಜನರಲ್ ಮೋಟರ್ಸ್ ಕಾರ್ಖಾನೆಯಲ್ಲಿ ಕೆಲಸಕ್ಕೆ ನಿಂತ ಯೂನಿಮೇಟ್ ಎಂಬ ರೋಬಾಟಿನ ಕೈಯೂ ದ್ರವದ ಒತ್ತಡದಿಂದಲೇ ಆಡುತ್ತಿತ್ತು. ಅದಕ್ಕೆ ತನ್ನ ಚಲನೆಗಳ ನೆನಪಿತ್ತು. ನಮ್ಮ ರಟ್ಟಿನ ಕೈಗೆ ನೆನಪೂ ಕಣ್ಣೂ ನಾವೇ.

ಒಂದು ಶಾಲೆಯ ಪ್ರದರ್ಶನಕ್ಕೆ ನಾನು ಪರೀಕ್ಷಕನಾಗಿ ಹೋಗಿದ್ದೆ. ಹುಡುಗರು ಮಾಡಿದ ತೋಳು ಒತ್ತಿದರೂ ಮೊದಲು ಏಳಲಿಲ್ಲ. ಬಳಿಕ ಥಟ್ಟನೆ ನೆಗೆದು ಹಿಡಿದ ಬಟ್ಟಲನ್ನು ಚೆಲ್ಲಿತು. ಅವರು ರಟ್ಟನ್ನು ದೂರಿದರು, ನಾನೂ ಹಾಗೆಯೇ ಬಗೆದು ಅಂಕ ಕಳೆದೆ. ಆಮೇಲೆ ನೋಡಿದರೆ ನಳಿಕೆಯ ತುದಿಯಲ್ಲಿ ಗಾಳಿಗುಳ್ಳೆ! ನೀರು ಕುಗ್ಗುವುದು ಅತ್ಯಲ್ಪ; ಗಾಳಿ ಸುಲಭವಾಗಿ ಕುಗ್ಗುತ್ತದೆ. 10 ಮಿ.ಮೀ. ಪಿಸ್ಟನ್ನನ್ನು ಸುಮಾರು 800 ಗ್ರಾಂ ತೂಕದಷ್ಟು ಬಲದಿಂದ ಒತ್ತಿದರೆ ಒಳಗಿನ ಒತ್ತಡ ಇಮ್ಮಡಿಯಾಗಿ 2 ಮಿ.ಲೀ. ಗಾಳಿ 1 ಮಿ.ಲೀ.ಗೆ ಇಳಿಯುತ್ತದೆ, ಒಂದೂಕಾಲು ಸೆಂ.ಮೀ. ಒತ್ತಿದ್ದು ವ್ಯರ್ಥ. ರಬ್ಬರಿನ ಬಿಗಿತ ಸಡಿಲಿದೊಡನೆ ಕುಗ್ಗಿದ ಗಾಳಿ ಹಿಗ್ಗಿ ತೋಳನ್ನು ಎಗರಿಸುತ್ತದೆ.

ಸಿರಿಂಜನ್ನೂ ನಳಿಕೆಯನ್ನೂ ಬಕೀಟಿನ ನೀರಿನಲ್ಲಿ ಮುಳುಗಿಸಿ, ಗುಳ್ಳೆಗಳೆಲ್ಲ ಹೊರಟ ಮೇಲೆ ನೀರಿನೊಳಗೇ ಜೋಡಿಸಿದೆವು. ತೋಳು ಬಟ್ಟಲನ್ನು ಚೆಲ್ಲದೆ ಎತ್ತಿತು. ಕಳೆದ ಅಂಕವನ್ನು ಹಿಂದಿರುಗಿಸಿದೆ. ಆದರೂ ಚಲನೆಯ ಮೊದಲಿಗೆ ಸಣ್ಣ ಮುಗ್ಗರಿಕೆಯೊಂದು ಉಳಿದಿತ್ತು. ಅದು ರಬ್ಬರಿನ ಘರ್ಷಣೆ. ತೋಳನ್ನು ಕಳಚಿ, ಕೈಯಲ್ಲಿರುವ ಪಿಸ್ಟನ್ನಿನ ಮೇಲೆ ಒಂದೊಂದೇ ತೂಕವಿಟ್ಟು, ಅದು ಕದಲುವ ಗಳಿಗೆಯನ್ನು ಗುರುತಿಸಿದರೆ ಘರ್ಷಣೆಯ ಅಳತೆಯೂ ಸಿಗುತ್ತದೆ.