ಕರಾಟೆ ಕಲಿಯದ ಕರಾಟೆ ಕಿಂಗ್

ನಮ್ಮ ಸಿದ್ಧಕಟ್ಟೆಯಿಂದ ಮೂಡುಬಿದಿರೆಗೋ ಬಂಟ್ವಾಳಕ್ಕೋ ಹೋಗುವ ಆಟೊಗಳನ್ನು ಒಮ್ಮೆ ಗಮನಿಸಿ ನೋಡಿ. ಎದುರಿನ ಗಾಜಿನಲ್ಲಿ ಊರಿನ ದೈವದ ಹೆಸರು, ಹಿಂದೆ ಮಕ್ಕಳ ಹೆಸರು. ಅವುಗಳ ನಡುವೆ ಎಲ್ಲಾದರೂ ಒಂದು ಕಡೆ ಶಂಕರ್‌ನಾಗ್ ನಗುತ್ತಿರುತ್ತಾರೆ. ಅವರು ತೀರಿಕೊಂಡು ಮೂರು ದಶಕ ಕಳೆದಿದೆ. ಆಗ ನಾನಿನ್ನೂ ಹುಟ್ಟಿರಲಿಲ್ಲ. ಆದರೂ ನಮ್ಮ ಅಪ್ಪನ ಆಟೊದಲ್ಲಿ ಅವರಿಗೆ ಕಾಯಂ ಸೀಟು!

ನಾನು ಕರಾಟೆಗೆ ಸೇರಿದ್ದು ಆರನೇ ಕ್ಲಾಸಿನಲ್ಲಿ. ಹೆಣ್ಣು ಮಗುವಿಗೆ ಇದೆಲ್ಲ ಯಾಕೆ ಅಂತ ನೆಂಟರು ಕೇಳಿದಾಗ ಅಪ್ಪ ಹೇಳಿದ್ದು ಒಂದೇ ಮಾತು, "ಶಂಕರ್‌ನಾಗ್ ಹಾಗೆ ಕಲೀಲಿ ಬಿಡಿ." ಈಗ ನನ್ನದು ಬ್ರೌನ್ ಬೆಲ್ಟ್. ಡಿಗ್ರಿ ಓದಿನ ನಡುವೆ ಭಾನುವಾರ ಚಿಕ್ಕ ಮಕ್ಕಳಿಗೆ ಹೇಳಿಕೊಡುವುದೂ ಇದೆ. ಮಜಾ ಏನೆಂದರೆ, ಅಪ್ಪ ಯಾರನ್ನು ತೋರಿಸಿ ನನ್ನನ್ನು ಈ ದಾರಿಗೆ ಕಳಿಸಿದರೋ ಆ 'ಕರಾಟೆ ಕಿಂಗ್' ಕ್ರಮವಾಗಿ ಕರಾಟೆ ಕಲಿತವರೇ ಅಲ್ಲ. ಇದನ್ನು ಓದಿದ ದಿನ ನನಗೆ ಒಂಥರಾ ಕಸಿವಿಸಿ. ಅಪ್ಪನಿಗೆ ಹೇಳುವುದೋ ಬೇಡವೋ?

ಹಾಗಾದರೆ ಆ ಬಿರುದು ಬಂದದ್ದಾದರೂ ಹೇಗೆ? ಶಂಕರ್‌ನಾಗ್ ಹುಟ್ಟಿದ್ದು 1954ರ ನವೆಂಬರ್ 9ರಂದು, ನಮ್ಮದೇ ಕರಾವಳಿಯ ಉತ್ತರ ಕನ್ನಡದಲ್ಲಿ. ಮುಂಬೈಯಲ್ಲಿ ಮರಾಠಿ ನಾಟಕಗಳ ನಂಟು ಬೆಳೆಸಿಕೊಂಡಿದ್ದ ಹುಡುಗನನ್ನು ಸಿನಿಮಾಕ್ಕೆ ತಂದವರು ಗಿರೀಶ ಕಾರ್ನಾಡ. ಚಿತ್ರ 1978ರ 'ಒಂದಾನೊಂದು ಕಾಲದಲ್ಲಿ'. ಜಪಾನಿನ ಅಕಿರ ಕುರೊಸಾವ ಅವರ ಸಮುರಾಯ್ ಸಿನಿಮಾಗಳಿಂದ ಪ್ರೇರಣೆ ಪಡೆದು ಕಾರ್ನಾಡರು ಮಾಡಿದ ಈ ಚಿತ್ರದಲ್ಲಿ ಹೊಡೆದಾಟಕ್ಕೆ ಬಳಸಿದ್ದು ಕೇರಳದ ಕಳರಿಪಯಟ್ಟು. ಹಣಕ್ಕಾಗಿ ಕತ್ತಿ ಹಿಡಿಯುವ ಗಂಡುಗಲಿಯಾಗಿ ಶಂಕರ್‌ನಾಗ್, ಎದುರಾಳಿ ಪೆರ್ಮಾಡಿಯಾಗಿ ಸುಂದರಕೃಷ್ಣ ಅರಸ್. ಮೊದಲ ಚಿತ್ರಕ್ಕೇ ಭಾರತದ ಅಂತರರಾಷ್ಟ್ರೀಯ ಚಿತ್ರೋತ್ಸವದಲ್ಲಿ ಅತ್ಯುತ್ತಮ ನಟ ಪ್ರಶಸ್ತಿ. ಕೋಟಿ ಚೆನ್ನಯರ ಗರಡಿಗಳನ್ನು ನೋಡುತ್ತಾ ಬೆಳೆದ ನಮಗೆ ಆ ಕತ್ತಿ ಗುರಾಣಿಯ ಲೋಕ ಹೊರಗಿನದು ಅಂತ ಅನಿಸುವುದೇ ಇಲ್ಲ.

ಮರುವರ್ಷ, 1979ರಲ್ಲಿ 'ಸೀತಾರಾಮು' ಬಂತು. ಅದು ಬ್ರೂಸ್ ಲೀ ಗುಂಗು ಇನ್ನೂ ಇಳಿಯದಿದ್ದ ಕಾಲ. 1973ರಲ್ಲಿ, ಬರೀ 32ನೇ ವಯಸ್ಸಿಗೆ ತೀರಿಕೊಂಡ ಆ ಕುಂಗ್‌ಫು ನಟ ಜಗತ್ತಿನ ಹುಡುಗರಿಗೆಲ್ಲ ಕಾಲೆತ್ತುವ ಹುಚ್ಚು ಹಿಡಿಸಿ ಹೋಗಿದ್ದರು. ಕನ್ನಡದವರಿಗೂ ಅಂಥ ಒಬ್ಬ ಬೇಕಿತ್ತು. ಎತ್ತರದ ಸಪೂರ ಮೈ, ಸುಮ್ಮನೆ ನಿಲ್ಲಲಾರದ ಚುರುಕು, ಚೂಪು ಕಣ್ಣು. ಜನ ಶಂಕರ್‌ನಾಗ್‌ರನ್ನು ಕರಾಟೆ ಕಿಂಗ್ ಮಾಡಿಯೇ ಬಿಟ್ಟರು. 1980ರಲ್ಲಿ 'ಆಟೊ ರಾಜ', 1988ರಲ್ಲಿ 'ಎಸ್.ಪಿ. ಸಾಂಗ್ಲಿಯಾನ', ಮರುವರ್ಷ 'ಸಿ.ಬಿ.ಐ. ಶಂಕರ್'. ಪಟ್ಟ ಗಟ್ಟಿಯಾಗುತ್ತಲೇ ಹೋಯಿತು.

ಕರಾಟೆ ಕಲಿತ ಕಣ್ಣಿನಿಂದ ಆ ಫೈಟುಗಳನ್ನು ಮತ್ತೆ ನೋಡಿದೆ. ನಿಜ ಹೇಳಬೇಕೆಂದರೆ, ಎಷ್ಟೋ ಒದೆತಗಳಿಗೆ ನಮ್ಮ ಸರ್ ಮಾರ್ಕು ಕೊಡಲಿಕ್ಕಿಲ್ಲ. ನಮ್ಮಲ್ಲಿ ಏಟು ಚಿಕ್ಕದಾಗಿ, ಮುನ್ಸೂಚನೆ ಇಲ್ಲದೆ ಹೋಗಬೇಕು. ಸಿನಿಮಾದಲ್ಲಿ ಕೊನೆಯ ಬೆಂಚಿನವನಿಗೂ ಕಾಣುವಷ್ಟು ದೊಡ್ಡದಾಗಿ ಬೀಸಬೇಕು. ಮುಷ್ಟಿ ಮುಖದಿಂದ ಗೇಣು ದೂರದಲ್ಲಿ ಹಾದುಹೋದರೂ ಸಾಕು, ಕ್ಯಾಮೆರಾ ಸರಿಯಾದ ಕೋನದಲ್ಲಿದ್ದರೆ ತಾಗಿದಂತೆಯೇ ಕಾಣುತ್ತದೆ. 'ಢಿಶುಂ' ಸದ್ದು ಆಮೇಲೆ ಸೇರುತ್ತದೆ. ಏಟು ತಿಂದವನು ಸರಿಯಾದ ಕ್ಷಣಕ್ಕೆ ಕತ್ತು ತಿರುಗಿಸದಿದ್ದರೆ ಹೊಡೆದವನ ಶ್ರಮವೆಲ್ಲ ನೀರಿನಲ್ಲಿ ಹೋಮ. ಅಂದರೆ ಅದು ಬೇರೆಯೇ ವಿದ್ಯೆ. ಶಂಕರ್‌ನಾಗ್‌ಗೆ ರಂಗಭೂಮಿಯಿಂದ ಬಂದ ದೇಹದ ಲಯ ಇತ್ತು. ಹಾಂಕಾಂಗಿನ ಜಾಕಿ ಚಾನ್ ಕೂಡ ಬಾಲ್ಯದಲ್ಲಿ ಹತ್ತು ವರ್ಷ ಪಳಗಿದ್ದು ಪೀಕಿಂಗ್ ಒಪೆರಾ ಕಲಿಸುವ ಶಾಲೆಯಲ್ಲಿ ಎಂಬುದು ಗೊತ್ತಾದಾಗ ನನ್ನ ಕಸಿವಿಸಿ ಅರ್ಧ ಇಳಿಯಿತು.

ಉಳಿದರ್ಧ ಇಳಿಸಿದ್ದು ಅಪ್ಪ. ಒಂದು ರಾತ್ರಿ ಊಟಕ್ಕೆ ಕುಳಿತಾಗ ವಿಷಯ ಹೇಳಿಯೇಬಿಟ್ಟೆ. ಅವರು ಗಂಜಿಯಿಂದ ತಲೆ ಎತ್ತಲೂ ಇಲ್ಲ. "ಆಟದಲ್ಲಿ ಅರ್ಜುನನ ವೇಷ ಹಾಕಿದವನಿಗೆ ನಿಜಕ್ಕೂ ಬಾಣ ಬಿಡಲಿಕ್ಕೆ ಬರ್ತದಾ ಅಂತ ಯಾರಾದರೂ ಕೇಳ್ತಾರಾ?" ಎಂದರು. ರಾತ್ರಿಯಿಡೀ ದಿಗಿಣ ಹೊಡೆಯುವ ಕಲಾವಿದರ ಊರಿನಲ್ಲಿ ಹುಟ್ಟಿದವಳಿಗೆ ಇದಕ್ಕೆ ಎದುರು ಮಾತು ಹೊಳೆಯಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಅವರೇ ಮುಂದುವರಿಸಿದರು, "ಆಟೊದವನೂ ಹೀರೊ ಆಗಬಹುದು ಅಂತ ಅವನು ತೋರಿಸಿದ. ನನಗೆ ಅಷ್ಟು ಸಾಕು."

ಅಪ್ಪನಿಗೆ ಸಾಕು, ನನಗೆ ಅಷ್ಟಕ್ಕೇ ಮುಗಿಯುವುದಿಲ್ಲ. ಯಾಕೆಂದರೆ ಭಾನುವಾರ ನನ್ನೆದುರು ನಿಲ್ಲುವ ಮಕ್ಕಳು ಸಿನಿಮಾ, ರೀಲ್ಸ್ ನೋಡಿಯೇ ಬರುವವರು. ಮೊದಲ ದಿನವೇ ಹಾರಿ ಒದೆಯಬೇಕು ಅವರಿಗೆ. ನಾವು ಕೊಡುವುದು ಕಾಲಗಲಿಸಿ, ಮಂಡಿ ಬಗ್ಗಿಸಿ ನಿಲ್ಲುವ ಕಿಬಾ ದಾಚಿ. ತೊಡೆ ನಡುಗುವವರೆಗೆ ನಿಲ್ಲಬೇಕು. ಮೂರು ತಿಂಗಳಾಗುವಷ್ಟರಲ್ಲಿ ಕೆಲವರು ಕಾಣೆ. ಹೆಣ್ಣುಮಕ್ಕಳಾದರೆ ದೊಡ್ಡವರಾದ ಕೂಡಲೇ ಮನೆಯವರೇ ಬಿಡಿಸುತ್ತಾರೆ. ನನ್ನ ಜೊತೆ ಸೇರಿದ್ದ ಏಳು ಹುಡುಗಿಯರಲ್ಲಿ ಈಗ ಉಳಿದವಳು ನಾನೊಬ್ಬಳೇ. ಸಿನಿಮಾ ಬಾಗಿಲವರೆಗೆ ಕರೆದು ತರುತ್ತದೆ. ಒಳಗೆ ಉಳಿಯಬೇಕಾದರೆ ಬೇರೇನೋ ಬೇಕು.

ಆ 'ಬೇರೇನೋ' ಶಂಕರ್‌ನಾಗ್ ಬದುಕಿನಲ್ಲೇ ಸಿಗುತ್ತದೆ. ಹನ್ನೆರಡು ವರ್ಷಗಳಲ್ಲಿ 80ಕ್ಕೂ ಹೆಚ್ಚು ಸಿನಿಮಾ. ಫೈಟಿಂಗ್ ಹೀರೊ ಎಂಬ ಹಣೆಪಟ್ಟಿ ಇಟ್ಟುಕೊಂಡೇ 'ಮಿಂಚಿನ ಓಟ', 'ಆಕ್ಸಿಡೆಂಟ್' ನಿರ್ದೇಶಿಸಿದರು. ಆರ್.ಕೆ. ನಾರಾಯಣ್ ಅವರ 'ಮಾಲ್ಗುಡಿ ಡೇಸ್' ಕತೆಗಳನ್ನು ನಮ್ಮ ಘಟ್ಟದ ಮೇಲಿನ ಆಗುಂಬೆಯಲ್ಲಿ ಚಿತ್ರಿಸಿ ದೇಶಕ್ಕೇ ತೋರಿಸಿದರು. ಸಂಕಲನ, ಧ್ವನಿಮುದ್ರಣಕ್ಕೆಲ್ಲ ಮದರಾಸಿಗೆ ಓಡುತ್ತಿದ್ದ ದಿನಗಳಲ್ಲಿ ಬೆಂಗಳೂರಿನಲ್ಲಿ ಸಂಕೇತ್ ಸ್ಟುಡಿಯೊ ಕಟ್ಟಿದರು. ನಡುವೆ ನಾಟಕವನ್ನೂ ಬಿಡಲಿಲ್ಲ. 1990ರ ಸೆಪ್ಟೆಂಬರ್ 30ರಂದು ದಾವಣಗೆರೆ ಬಳಿಯ ಆನಗೋಡಿನಲ್ಲಿ ಅಪಘಾತವಾದಾಗಲೂ ಅವರು ಹೊರಟಿದ್ದು ಶೂಟಿಂಗಿಗೇ. ವಯಸ್ಸು 35.

ಈಗ ಹೊಸ ಮಕ್ಕಳು "ಅಕ್ಕಾ, ಶಂಕರ್‌ನಾಗ್ ಯಾವ ಬೆಲ್ಟ್?" ಅಂತ ಕೇಳಿದರೆ ನಾನು ಇದ್ದದ್ದನ್ನು ಇದ್ದ ಹಾಗೆಯೇ ಹೇಳುತ್ತೇನೆ. ಬೆಲ್ಟ್ ಇರಲಿಲ್ಲ, ಆದರೆ ಒಂದು ದಿನವೂ ಕ್ಲಾಸ್ ತಪ್ಪಿಸಿಕೊಳ್ಳುವ ಜಾತಿಯವರಾಗಿರಲಿಲ್ಲ ಎಂದು. ಕಳೆದ ವಾರ ಹೀಗೆ ಹೇಳಿದಾಗ ಮೂರನೇ ಕ್ಲಾಸಿನ ಪುಟ್ಟಿಯೊಬ್ಬಳು ನಡುಗುವ ಕಾಲುಗಳನ್ನೊಮ್ಮೆ ನೋಡಿಕೊಂಡು, "ಹಾಗಾದ್ರೆ ಇನ್ನೂ ಎಷ್ಟು ಹೊತ್ತು ನಿಲ್ಬೇಕು?" ಎಂದಳು. ಹತ್ತು ಎಣಿಸು ಎಂದೆ. ಕಳ್ಳಿ, ತುಂಬಾ ನಿಧಾನವಾಗಿ ಎಣಿಸಿದಳು.