ಕೆಸರಿನಲ್ಲಿ ಸಿಲುಕಿದ ಪಿಕಪ್: ಹಿಂಚಕ್ರಗಳ ಹಿಡಿತದ ಮರ್ಮ

ಮಳೆಗಾಲದಲ್ಲಿ ಮುಂಬಯಿಯಿಂದ ಕರಾವಳಿಯ ಹುಟ್ಟೂರಿಗೆ ಪಿಕಪ್ ವಾಹನದಲ್ಲಿ ಸಾಮಾನು ಒಯ್ಯುವ ಕುಟುಂಬಗಳು ನಮ್ಮ ಬಳಗದಲ್ಲಿ ಹಲವಿವೆ. ಹೆದ್ದಾರಿಯನ್ನು ಸುಗಮವಾಗಿ ಕ್ರಮಿಸಿದ ಅದೇ ವಾಹನ, ಸಾಮಾನು ಇಳಿಸಿ ಖಾಲಿಯಾಗಿ ಮರಳುವಾಗ ಮನೆಯ ಮುಂದಿನ ಓಣಿಯಲ್ಲೇ ನಿಂತುಬಿಡುವುದುಂಟು. ನಮಗೂ ಒಮ್ಮೆ ಹೀಗಾಯಿತು. ಎಡ ಹಿಂಚಕ್ರ ಕೆಸರಿನಲ್ಲಿ ಗಿರ್ರನೆ ತಿರುಗುತ್ತಿತ್ತು. ಗಟ್ಟಿ ಮುರಕಲ್ಲಿನ ಮೇಲಿದ್ದ ಬಲಚಕ್ರ ಅಲುಗಲೇ ಇಲ್ಲ. ಚಕ್ರದಡಿ ಇಟ್ಟಿದ್ದ ಕಲ್ಲು ಸಿಡಿದು, ಹಿಂದಿನಿಂದ ತಳ್ಳುತ್ತಿದ್ದ ಹುಡುಗನ ಮೊಣಕಾಲಿಗೆ ತಗಲಿತು. ದೊಡ್ಡ ಅನಾಹುತವಾಗದಿದ್ದುದು ನಮ್ಮ ಪುಣ್ಯ.

ಇದಕ್ಕೆ ಕಾರಣ ಹಿಂದಿನ ಅಚ್ಚಿನ ನಡುವಿರುವ ಡಿಫರೆನ್ಷಿಯಲ್. ತಿರುವಿನಲ್ಲಿ ಹೊರಚಕ್ರ ಹೆಚ್ಚು ದೂರ ಸಾಗಬೇಕಾದ್ದರಿಂದ, ಎರಡೂ ಚಕ್ರಗಳು ಬೇರೆ ಬೇರೆ ವೇಗದಲ್ಲಿ ತಿರುಗಲು ಇದು ಅವಕಾಶ ಕೊಡುತ್ತದೆ. ಆದರೆ ಸಾಮಾನ್ಯ ಡಿಫರೆನ್ಷಿಯಲ್ ಎರಡೂ ಚಕ್ರಗಳಿಗೆ ಹೆಚ್ಚುಕಡಿಮೆ ಸಮನಾದ ತಿರುಗುಬಲವನ್ನೇ ಹಂಚುತ್ತದೆ. ಕೆಸರಿನ ಚಕ್ರ 200 ನ್ಯೂಟನ್ ಮೀಟರ್ ಬಲವನ್ನಷ್ಟೇ ತಾಳಬಲ್ಲುದಾದರೆ, ಗಟ್ಟಿ ನೆಲದ ಚಕ್ರಕ್ಕೂ ದೊರೆಯುವುದು ಅಷ್ಟೇ. ಹೀಗಾಗಿ ಎಂಜಿನ್ನಿನ ಶಕ್ತಿ ಎಷ್ಟಿದ್ದರೂ ವ್ಯರ್ಥ. ಒಂದು ಚಕ್ರ ನಿಂತಿದ್ದರೆ ಇನ್ನೊಂದು ಸ್ಪೀಡೋಮೀಟರ್ ತೋರಿಸುವುದರ ಎರಡರಷ್ಟು ವೇಗದಲ್ಲಿ ತಿರುಗುತ್ತಿರುತ್ತದೆ ಎಂಬುದನ್ನೂ ಮರೆಯಬಾರದು.

ಆದ್ದರಿಂದ ದುರ್ಬಲ ಚಕ್ರದ ಹಿಡಿತವನ್ನು ಹೆಚ್ಚಿಸುವುದೇ ಮೊದಲ ಉಪಾಯ. ಖಾಲಿ ಪಿಕಪ್‌ನ ಹಿಂಭಾಗ ಹಗುರ. 50 ಕಿಲೋ ತೂಕದ ಎರಡು ಮೂರು ಮರಳಿನ ಚೀಲಗಳನ್ನು ಹಿಂದಿನ ಅಚ್ಚಿನ ನೇರಕ್ಕೆ ಅಥವಾ ಅದಕ್ಕಿಂತ ತುಸು ಮುಂದೆ ಇಟ್ಟು ಭದ್ರವಾಗಿ ಕಟ್ಟಬೇಕು. ತೀರ ಹಿಂದಕ್ಕಿಟ್ಟರೆ ಮುಂಚಕ್ರಗಳು ಹಗುರವಾಗಿ ಸ್ಟಿಯರಿಂಗ್ ಹಿಡಿತ ತಪ್ಪೀತು. ಟೈರುಗಳ ಹಲ್ಲು ಸವೆದಿರಬಾರದು. ಗಾಳಿಯನ್ನು ಮಿತವಾಗಿ ತಗ್ಗಿಸಿದರೆ ಟೈರು ನೆಲಕ್ಕೆ ಅಗಲವಾಗಿ ಒರಗುತ್ತದೆ. ಆದರೆ ಹೆದ್ದಾರಿ ಸೇರುವ ಮುನ್ನ ಮರಳಿ ತುಂಬಿಸಲೇಬೇಕು. ಚಕ್ರದ ಮುಂದಿನ ಕೆಸರನ್ನು ತೋಡಿ ಹಲಗೆ ಹಾಸಿ, ಎರಡನೆಯ ಗೇರಿನಲ್ಲಿ ಮೆಲ್ಲನೆ ಹೊರಡಬೇಕು. ಆಗ ಚಕ್ರದ ಹಿಂದೆ ಯಾರೂ ನಿಲ್ಲಕೂಡದು.

ಕೈಬ್ರೇಕನ್ನು ಅರ್ಧ ಎಳೆಯುವ ಉಪಾಯವನ್ನು ಅನೇಕರು ಹೇಳುತ್ತಾರೆ. ಅದು ಎರಡೂ ಹಿಂಚಕ್ರಗಳನ್ನು ಹಿಡಿಯುವುದರಿಂದ ಲಾಭ ಅಲ್ಪ. ಊರಿನ ಟ್ರ್ಯಾಕ್ಟರಿನಲ್ಲಿ ಎಡಬಲಕ್ಕೆ ಪ್ರತ್ಯೇಕ ಬ್ರೇಕ್ ಪೆಡಲ್‌ಗಳಿರುವುದನ್ನು ನಾವು ಕಂಡಿದ್ದೇವೆ. ಜಾರುವ ಚಕ್ರವೊಂದನ್ನೇ ಹಿಡಿದಾಗ ಬಲ ಇನ್ನೊಂದಕ್ಕೆ ಸಲ್ಲುತ್ತದೆ. ಆಧುನಿಕ ವಾಹನಗಳ ಟ್ರ್ಯಾಕ್ಷನ್ ಕಂಟ್ರೋಲ್ ಮಾಡುವುದೂ ಇದನ್ನೇ.

ಪದೇ ಪದೇ ಇಂಥ ದಾರಿಯಲ್ಲಿ ಓಡಾಡುವವರಿಗೆ ಜಾರುವಿಕೆಯನ್ನು ಮಿತಗೊಳಿಸುವ ಅಥವಾ ಎರಡೂ ಚಕ್ರಗಳನ್ನು ಒಂದಾಗಿ ಬಂಧಿಸುವ ಡಿಫರೆನ್ಷಿಯಲ್ ಉಪಯುಕ್ತ. ಬಂಧಿಸುವ ಬಗೆಯನ್ನು ಗಟ್ಟಿ ರಸ್ತೆಯ ತಿರುವಿನಲ್ಲಿ ಬಿಡಿಸದೆ ಓಡಿಸಿದರೆ ಟೈರು, ಅಚ್ಚು ಎರಡಕ್ಕೂ ಹಾನಿ.

ಉಳಿದವರಿಗೆ ಎರಡು ಚೀಲ ಮರಳು, ಒಂದು ಹಲಗೆ, ಒಂದಿಷ್ಟು ತಾಳ್ಮೆ ಸಾಕು. ಚಕ್ರ ಜಾರತೊಡಗಿದೊಡನೆ ಆಕ್ಸಿಲರೇಟರಿನಿಂದ ಕಾಲು ತೆಗೆಯೋಣ. ನಮ್ಮವರೆಲ್ಲರೂ ಸುರಕ್ಷಿತವಾಗಿ ಮನೆ ಸೇರಲಿ.